ರೆಕ್ಕೆ ನೋಡಿ ನಂಬಿದ ಬೋರ್ಡಣ್ಣ

ಅಕ್ಕನಿಗೆ ಮತ್ತೆ ಉಸಿರು ಸಾಲುತ್ತಿರಲಿಲ್ಲ. ಮಿಷನ್ ಓಡುತ್ತಿತ್ತು, ಮೂಗಿಗೆ ಪೈಪು ಇತ್ತು, ಹಸಿರು ದೀಪವೂ ಉರಿಯುತ್ತಿತ್ತು. ಆದರೂ ಅಡುಗೆಮನೆಯಿಂದ ಮಂಚದವರೆಗೆ ಬರುವಷ್ಟರಲ್ಲಿ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು.

"ಗಾಳಿ ಬರ್ತಿದೆ ಕಣೋ, ಆದ್ರೆ ಸಾಕಾಗ್ತಿಲ್ಲ," ಎಂದು ತಮ್ಮನಿಗೆ ಹೇಳಿದಳು.

ತಮ್ಮ ಪೈಪು ನೀವಿ ನೋಡಿದ, ಪ್ಲಗ್ ಅಲ್ಲಾಡಿಸಿ ನೋಡಿದ. "ವಯಸ್ಸಾಯ್ತಲ್ಲಕ್ಕ, ಒಂದಿಷ್ಟು ಹೀಗೇ ಇರುತ್ತೆ," ಎಂದ.

"ನಿನ್ನ ಜೊತೆ ಜಗಳ ಆಡೋಕೂ ಉಸಿರು ಬೇಕು. ಅದಕ್ಕೇ ಸುಮ್ಮನಿದ್ದೀನಿ," ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಅಕ್ಕನದು ಹಾಸಿಗೆ ಹೊಲಿಯುವ ಕೈ. ತಂದೆತಾಯಿ ಹೋದ ಮೇಲೆ ಹತ್ತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಹತ್ತಿ ಹಿಂಜಿ, ಚೀಲಕ್ಕೆ ತುಂಬಿ, ದಬ್ಬಣದಲ್ಲಿ ಹೊಲಿದು ತಮ್ಮನನ್ನು ಸಾಕಿದವಳು. ಊರಿನ ಎಷ್ಟೋ ಜನ ಅವಳು ಹೊಲಿದ ಹಾಸಿಗೆಯ ಮೇಲೆ ಸೊಂಪಾಗಿ ನಿದ್ದೆ ಮಾಡಿದವರು. ಆ ಹತ್ತಿಯ ದೂಳು ಮಾತ್ರ ಅವಳ ಎದೆಯೊಳಗೆ ಸದ್ದಿಲ್ಲದೆ ಮನೆ ಮಾಡಿಕೊಂಡಿತು. ಶ್ವಾಸಕೋಶ ಇನ್ನು ಅರ್ಧ ಕೆಲಸ ಮಾತ್ರ ಮಾಡುತ್ತದೆ, ಉಳಿದರ್ಧವನ್ನು ಮಿಷನ್ ಮಾಡಬೇಕು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಸುತ್ತಲಿನ ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಆ ಮಿಷನ್ ಅಂದಿನಿಂದ ನಡುಮನೆಯಲ್ಲಿ ಅವಳ ಮಂಚದ ಪಕ್ಕ ಗುರುಗುಟ್ಟುತ್ತಾ ನಿಂತಿತ್ತು. ಕರೆಂಟು ಹೋದಾಗ ಇರಲಿ ಎಂದು ಮೂಲೆಯಲ್ಲಿ ಒಂದು ಸಣ್ಣ ಸಿಲಿಂಡರ್ ಇತ್ತು. ಅದು ಕೆಲವೇ ಗಂಟೆಗಳ ಆಸರೆ.

ತಮ್ಮ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನ ಹೆಸರು ಅಕ್ಕನಿಗೂ ಮರೆತುಹೋಗುವಷ್ಟರ ಮಟ್ಟಿಗೆ ಎಲ್ಲರೂ ಅವನನ್ನು ಬೋರ್ಡಣ್ಣ ಎಂದೇ ಕರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೂ ಕೈಯಲ್ಲಿ ಬರೆದ ಬೋರ್ಡೇ ಬೇಕು ಎನ್ನುವ ಹಳೇ ಗಿರಾಕಿಗಳು ಅವನ ಕೈಬಿಟ್ಟಿರಲಿಲ್ಲ. ಅವನ ಕಣ್ಣೂ ಕೈಯಷ್ಟೇ ಚುರುಕು. ಒಮ್ಮೆ ಸೋಪಿನ ವ್ಯಾಪಾರಿಯೊಬ್ಬ ಹೊಸ ಮಾಲು ತಂದಾಗ ಬೋರ್ಡಣ್ಣ ಪೊಟ್ಟಣವನ್ನು ಬೆಳಕಿಗೆ ಹಿಡಿದು, "ಇದು ನಕಲಿ. ಈ ಅಕ್ಷರದ ಹೊಟ್ಟೆ ಅಸಲಿಗಿಂತ ಒಂದು ನೂಲು ದಪ್ಪ ಇದೆ," ಎಂದಿದ್ದ. ನಿಜವಾಗಿಯೂ ಅದು ನಕಲಿಯೇ ಆಗಿತ್ತು. ಅಂದಿನಿಂದ ಬೀದಿಯ ಅಂಗಡಿಯವರೆಲ್ಲ ಅನುಮಾನ ಬಂದ ಮಾಲನ್ನು ಅವನ ಮುಂದೆ ತಂದಿಡುತ್ತಿದ್ದರು. ಅವನು ನೋಡಿ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ಇಷ್ಟು ಹೊಗಳಿಕೆ ಯಾರಿಗೆ ಸಿಕ್ಕಿದರೂ ತಲೆ ಸ್ವಲ್ಪ ಮೇಲಕ್ಕೇ ಹೋಗುತ್ತದೆ, ಅವನನ್ನು ದೂರಿ ಪ್ರಯೋಜನವಿಲ್ಲ.

ಅಕ್ಕನ ಮಿಷನ್ ಮಾಡುವ ಕಂಪನಿಯ ಗುರುತು ಒಂದು ನೀಲಿ ರೆಕ್ಕೆ. ಅದರ ಕೆಳಗೆ ಕಿತ್ತಳೆ ಬಣ್ಣದ ಸಣ್ಣ ಗೆರೆ. ಆ ಕಂಪನಿಯ ಮಾರಾಟದ ಅಂಗಡಿ ಪೇಟೆಯಲ್ಲಿ ತೆರೆದಾಗ ಅದರ ಶಟರ್ ಮೇಲೆ ರೆಕ್ಕೆ ಬರೆದವನು ಬೇರೆ ಯಾರೂ ಅಲ್ಲ, ಬೋರ್ಡಣ್ಣನೇ. ನಡುವಿನ ಗರಿ ಮಿಕ್ಕವಕ್ಕಿಂತ ತುಸು ಉದ್ದ, ತುದಿ ಸ್ವಲ್ಪ ಒಳಕ್ಕೆ ಬಾಗಿರಬೇಕು, ನೀಲಿಗೆ ಚೂರು ಹಸಿರು ಬೆರೆತಿರಬೇಕು. ಅದೆಲ್ಲ ಅವನ ಬೆರಳಿಗೇ ಬಾಯಿಪಾಠವಾಗಿತ್ತು.

ಒಂದು ಮಧ್ಯಾಹ್ನ ಅವನು ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಕುಂಚ ತೊಳೆಯುತ್ತಾ ಕೂತಿದ್ದಾಗ ಫೋನಿಗೆ ಇಮೇಲ್ ಬಂತು. ಅವನಿಗೆ ಇಮೇಲ್ ಹೊಸದೇನಲ್ಲ. ಬೋರ್ಡಿನ ಮಾದರಿಗಳು ಅದರಲ್ಲೇ ಬರುತ್ತಿದ್ದವು. ಸೀಮೆಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡು ತೆರೆದ. ಮೇಲ್ಗಡೆಯೇ ನೀಲಿ ರೆಕ್ಕೆ.

ಕೆಳಗೆ ಹೀಗಿತ್ತು. ನಿಮ್ಮ ಮನೆಯಲ್ಲಿರುವ ಆಕ್ಸಿಜನ್ ಮಿಷನ್‌ನಲ್ಲಿ ದೋಷ ಕಂಡುಬಂದಿದೆ. ಬಿಸಿಯಾಗಿ ಬೆಂಕಿ ಹತ್ತುವ ಅಪಾಯವಿದೆ. ನಾಳೆ ಬೆಳಗ್ಗೆಯಿಂದ ಬಳಸಬೇಡಿ, ಪ್ಯಾಕ್ ಮಾಡಿಡಿ, ನಮ್ಮವರು ಬಂದು ಒಯ್ಯುತ್ತಾರೆ. ಹೊಸ ಮಿಷನ್ ಉಚಿತ. ಕೆಳಗಿನ ಗುಂಡಿ ಒತ್ತಿ ಇಂದೇ ವಿವರ ತುಂಬದಿದ್ದರೆ ಗ್ಯಾರಂಟಿ ರದ್ದಾಗುತ್ತದೆ.

ಓದಿ ಅವನು ಹೆದರಿದ. ಅದರ ಹಿಂದೆಯೇ ಒಂದು ಬಗೆಯ ಸಮಾಧಾನವೂ ಆಯಿತು. ಅಕ್ಕನಿಗೆ ಯಾಕೆ ಉಸಿರು ಸಾಲುತ್ತಿಲ್ಲ ಎನ್ನುವುದಕ್ಕೆ ಕಾರಣ ತಾನಾಗಿಯೇ ಮನೆ ಬಾಗಿಲಿಗೆ ಬಂದಿತ್ತಲ್ಲ. ಅವನು ರೆಕ್ಕೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದ. ನಡುವಿನ ಗರಿ ಉದ್ದ, ತುದಿ ಒಳಕ್ಕೆ ಬಾಗಿದೆ, ನೀಲಿಯಲ್ಲಿ ಚೂರು ಹಸಿರು ಇದೆ. ಇನ್ನೇನು ನೋಡುವುದಿದೆ ಎಂದುಕೊಂಡು ಗುಂಡಿ ಒತ್ತಿದ. ಹೆಸರು ಕೇಳಿತು, ಬರೆದ. ವಿಳಾಸ, ಫೋನ್ ನಂಬರ್ ಕೇಳಿತು, ಬರೆದ. ಗುರುತು ಖಚಿತಪಡಿಸಲು ಬ್ಯಾಂಕ್ ಕಾರ್ಡಿನ ನಂಬರ್ ಕೇಳಿತು. ಒಂದು ಕ್ಷಣ ಕೈ ತಡೆಯಿತು, ಆದರೂ ಬರೆದ. ಬೆಳಗ್ಗೆ ನಮ್ಮ ಸಿಬ್ಬಂದಿ ಕರೆ ಮಾಡುತ್ತಾರೆ, ಆಗ ನಿಮ್ಮ ಫೋನಿಗೆ ಬರುವ ಗುಟ್ಟಿನ ನಂಬರನ್ನು ಅವರಿಗೆ ತಿಳಿಸಿ ಎಂದು ಕೊನೆಗೆ ಕಾಣಿಸಿತು.

ಒಳಗೆ ಬಂದು ಅಕ್ಕನಿಗೆ ಹೇಳಿದ. ಅಕ್ಕ ಹುಬ್ಬು ಗಂಟಿಕ್ಕಿದಳು.

"ನಾವು ಕೇಳದೇನೇ ಹೊಸ ಮಿಷನ್ ಕೊಡ್ತಾರಂತಾ? ಅಷ್ಟು ಒಳ್ಳೆಯವರಾ?"

"ದೊಡ್ಡ ಕಂಪನಿ ಅಕ್ಕ. ಹೆಸರು ಕೆಡಬಾರದು ಅಂತ ಕೊಡ್ತಾರೆ."

"ಅವರೇ ಕಳಿಸಿದ್ದು ಅಂತ ಹೇಗೆ ಗೊತ್ತು?"

ಬೋರ್ಡಣ್ಣ ನಕ್ಕ. "ಬೇರೆ ಯಾರಾದ್ರೂ ಈ ಮಾತು ಕೇಳಿದ್ರೆ ಸರಿ. ಆ ರೆಕ್ಕೆ ಬರೆದ ಕೈ ಇದು. ಅದರಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಇದ್ರೂ ನನಗೆ ಗೊತ್ತಾಗುತ್ತೆ."

ಅಕ್ಕ ಮತ್ತೆ ಕೇಳಲಿಲ್ಲ. ತಮ್ಮನ ಕಣ್ಣಿನ ಮೇಲೆ ಅವಳಿಗೂ ಹೆಮ್ಮೆಯಿತ್ತು.

ಮರುದಿನ ಬೆಳಗ್ಗೆ ಅವನು ಮಿಷನ್ ಆರಿಸಿದ. ಮನೆಯಲ್ಲಿ ಆ ಗುರುಗುಟ್ಟುವ ಸದ್ದು ನಿಂತಾಗ ಏನೋ ಕಳಕೊಂಡ ಹಾಗಾಯಿತು. ಪೈಪನ್ನು ಸಿಲಿಂಡರಿಗೆ ಜೋಡಿಸಿ, ಮಿಷನ್ನನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಟೇಪು ಹಚ್ಚಿ ಬಾಗಿಲ ಪಕ್ಕ ಇಟ್ಟ. ಮೇಲೆ ಅಂದವಾದ ಅಕ್ಷರದಲ್ಲಿ 'ಜೋಪಾನ' ಎಂದೂ ಬರೆದ. ಕೆಲಸ ಅಂದಮೇಲೆ ಅಚ್ಚುಕಟ್ಟಾಗಿರಬೇಕು.

ಅದು ಕ್ಲಿನಿಕ್ಕಿನ ನರ್ಸಮ್ಮ ಬರುವ ದಿನ. ಮನೆಯಲ್ಲೇ ಮಲಗಿರುವ ರೋಗಿಗಳನ್ನು ನೋಡಿಕೊಂಡು ಬರುವ ಕೆಲಸ ಅವರದು. ಹೊಸ್ತಿಲು ದಾಟಿದ ಕೂಡಲೇ ಅವರು ನಿಂತರು.

"ಮಿಷನ್ ಸದ್ದೇ ಕೇಳಿಸ್ತಿಲ್ವಲ್ಲ ಅಣ್ಣಾ?"

"ಅದು ಪೆಟ್ಟಿಗೆ ಒಳಗಿದೆ ಸಿಸ್ಟರ್. ಹೊಸದು ಬರ್ತಿದೆ," ಎಂದು ಬೋರ್ಡಣ್ಣ ಉತ್ಸಾಹದಿಂದ ಹೇಳಿದ.

ನರ್ಸಮ್ಮ ಚಪ್ಪಲಿ ಬಿಟ್ಟವರೇ ನೆಟ್ಟಗೆ ಮಂಚದ ಹತ್ತಿರ ಹೋದರು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಕ್ಲಿಪ್ಪನ್ನು ಅಕ್ಕನ ಬೆರಳಿಗೆ ಹಾಕಿ ಅಂಕಿ ನೋಡಿದರು. ಆಮೇಲೆ ಸಿಲಿಂಡರಿನ ಮುಳ್ಳು ನೋಡಿದರು. ಅವರ ಮುಖದಲ್ಲಿದ್ದ ನಗು ಹೋಯಿತು.

"ಸಿಲಿಂಡರ್ ಅರ್ಧಕ್ಕಿಂತ ಕೆಳಗೆ ಬಂದಿದೆ. ಹೊಸ ಮಿಷನ್ ಎಷ್ಟು ಹೊತ್ತಿಗೆ ಬರುತ್ತೆ?"

"ಹಳೇದು ಒಯ್ದ ಮೇಲೆ ಕಳಿಸ್ತಾರಂತೆ."

"ಅಂದ್ರೆ ಇವತ್ತೇ ಬರುತ್ತೆ ಅಂತೇನೂ ಇಲ್ಲ. ಸಿಲಿಂಡರ್ ಮುಗಿದ್ರೆ ಏನ್ಮಾಡ್ತೀರಿ?"

ಬೆಂಕಿಯ ಮಾತು ಓದಿದ ಮೇಲೆ ಬೋರ್ಡಣ್ಣನ ತಲೆಯಲ್ಲಿ ಬೇರೆ ಯಾವ ಯೋಚನೆಗೂ ಜಾಗ ಇರಲಿಲ್ಲ. ಅವಸರ ಮಾಡಿಸುವವರಿಗೆ ಬೇಕಾಗಿರುವುದೂ ಅದೇ. ಅವನು ಫೋನು ತೆಗೆದು ಮೇಲ್ ತೋರಿಸಿದ.

ನರ್ಸಮ್ಮ ನಿಧಾನವಾಗಿ ಓದಿದರು. "ಇದು ನಿಜಾನಾ ಸುಳ್ಳಾ, ನನಗೆ ಗೊತ್ತಿಲ್ಲ ಅಣ್ಣಾ. ನಿಜ ಆಗಿದ್ರೆ ಮಿಷನ್ ಹಾಕೋದು ಅಪಾಯ. ಸುಳ್ಳಾಗಿದ್ರೆ ಮಿಷನ್ ಇಲ್ಲದೆ ಇರೋದು ಅಪಾಯ. ಊಹೆ ಮೇಲೆ ಬಿಡೋ ವಿಷಯ ಅಲ್ಲ ಇದು. ಯಾರು ಕಳಿಸಿದ್ದು ಅಂತ ಮೊದಲು ನೋಡೋಣ."

"ಅದೇನು ನೋಡ್ತೀರಿ, ಮೇಲೇ ಇದೆಯಲ್ಲ ಕಂಪನಿ ಹೆಸರು."

"ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು. ಆ ಹೆಸರನ್ನ ಒಂದು ಸಲ ಒತ್ತಿ. ಕೆಳಗೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತೆ."

ಒತ್ತಿದ. ವಿಳಾಸದ ನಡುವೆ ಸುರುಳಿಯಂಥ ಆ 'ಅಟ್' ಗುರುತು. ಅದಾದ ಮೇಲೆ ಕಂಪನಿಯ ಹೆಸರಿನ ಸುಳಿವೇ ಇರಲಿಲ್ಲ. ಯಾವುದೋ ದೇಶದ ಯಾವುದೋ ಕುರ್ಚಿ ಮೇಜಿನ ಅಂಗಡಿಯ ಹೆಸರಿತ್ತು.

"ಆಕ್ಸಿಜನ್ ಮಿಷನ್ ಕಂಪನಿಯವರು ಕುರ್ಚಿ ಅಂಗಡಿಯಿಂದ ಯಾಕೆ ಮೇಲ್ ಕಳಿಸ್ತಾರೆ?" ಎಂದು ನರ್ಸಮ್ಮ ಕೇಳಿದರು.

ಬೋರ್ಡಣ್ಣ ಬಿಡಲಿಲ್ಲ. "ಏನೋ ಅವರ ಒಳಗಿನ ವ್ಯವಸ್ಥೆ ಇರಬಹುದು. ಈ ರೆಕ್ಕೆ ನೋಡಿ ಸಿಸ್ಟರ್. ಇದು ಅಸಲಿ. ನನಗಿಂತ ಚೆನ್ನಾಗಿ ಇದನ್ನ ತಿಳಿದವರು ಈ ಊರಲ್ಲಿ ಇಲ್ಲ."

ಅಷ್ಟರಲ್ಲಿ ಫೋನು ಕೂಗಿತು. ಹೊಸ ನಂಬರ್. ಬೋರ್ಡಣ್ಣ ಎತ್ತಿದ. ಗಂಡು ದನಿ, ಬಹಳ ವಿನಯದ್ದು.

"ನಮಸ್ಕಾರ ಸರ್, ಮಿಷನ್ ಕಂಪನಿಯಿಂದ ಮಾತಾಡ್ತಿರೋದು. ನಮ್ಮ ಗಾಡಿ ದಾರೀಲಿದೆ. ಈಗ ನಿಮ್ಮ ಫೋನಿಗೆ ಒಂದು ನಂಬರ್ ಬಂದಿರುತ್ತೆ, ಅದನ್ನ ಹೇಳಿಬಿಡಿ ಸರ್."

ಫೋನು ಕೈಯಲ್ಲೇ ಟಿಣ್ ಎಂದಿತು. ಬ್ಯಾಂಕಿನ ಸಂದೇಶ. ಈ ನಂಬರನ್ನು ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿತ್ತು. ನರ್ಸಮ್ಮ ಮೌನವಾಗಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

"ಒಂದ್ನಿಮಿಷ," ಎಂದ ಬೋರ್ಡಣ್ಣ. "ಸ್ವಲ್ಪ ಹೊತ್ತು ಬಿಟ್ಟು ನಾನೇ ಮಾಡ್ತೀನಿ."

ವಿನಯ ಅಲ್ಲಿಗೆ ಮುಗಿಯಿತು. "ಹೊತ್ತಿಲ್ಲ ಸರ್. ಈಗ ಹೇಳಿದ್ರೆ ಹೇಳಿ. ಇಲ್ಲಾಂದ್ರೆ ಗಾಡಿ ವಾಪಸ್ಸು ಹೋಗುತ್ತೆ. ಆ ಮಿಷನ್ ಹೊತ್ತಿಕೊಂಡು ಮನೆಯವರಿಗೆ ಏನಾದ್ರೂ ಆದ್ರೆ ಅದಕ್ಕೆ ನೀವೇ ಹೊಣೆ."

ಬೋರ್ಡಣ್ಣನ ಕಣ್ಣು ಸಂದೇಶದ ಮೇಲೆ ಹೋಯಿತು, ಅಕ್ಕನ ಮೇಲೆ ಹೋಯಿತು. ಹೇಳಿಬಿಟ್ಟರೆ ಈ ಸಂಕಟ ಮುಗಿಯುತ್ತದೆ ಅನ್ನಿಸಿತು. ಅವನ ಬಾಯಿ ತೆರೆಯಿತು ಕೂಡ.

"ಇಡೋ ಫೋನು," ಎಂದಳು ಅಕ್ಕ.

ಮೆಲ್ಲಗೆ ಹೇಳಿದ ಮಾತು. ಆದರೆ ಚಿಕ್ಕಂದಿನಿಂದ ಕೇಳಿದ ದನಿ. ಅವನು ಫೋನು ಇಟ್ಟ.

ಅಕ್ಕ ದಿಂಬಿಗೆ ಒರಗಿ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಾ ಕೇಳಿದಳು. "ಆ ಅಂಗಡಿ ಶಟರ್ ಮೇಲೆ ರೆಕ್ಕೆ ಬರೆದೋನು ಯಾರು?"

"ನಾನೇ."

"ಅಸಲಿ ಥರಾನೇ ಬರೆದ್ಯಾ?"

"ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ."

"ಹಾಗಾದ್ರೆ ನೀನು ಆ ಕಂಪನಿಯವನಾ?"

ಬೋರ್ಡಣ್ಣ ಫೋನಿನಲ್ಲಿದ್ದ ರೆಕ್ಕೆಯನ್ನು ಮತ್ತೆ ನೋಡಿದ. ತಾನು ಬರೆಯಬಹುದಾದರೆ ಇನ್ನೊಬ್ಬನೂ ಬರೆಯಬಹುದು. ಬರೆಯುವುದೂ ಬೇಡ, ಫೋನಿನಲ್ಲಿ ಒಂದು ಬೆರಳಿನಿಂದ ಎತ್ತಿ ಅಂಟಿಸಬಹುದು. ಕಂಪನಿಗಳ ಗುರುತನ್ನು ಅವನೇ ಎಷ್ಟು ಸಲ ಹಾಗೆ ಎತ್ತಿಕೊಂಡು ಮಾದರಿ ಮಾಡಿಲ್ಲ? ಇಷ್ಟು ಸಣ್ಣ ವಿಷಯ ಇಷ್ಟು ದೊಡ್ಡ ಕಣ್ಣಿಗೆ ಕಾಣದೆ ಹೋಗಿತ್ತು. ಅವನಿಗೆ ನಾಚಿಕೆಯಾಯಿತು.

"ಈಗ ಕಂಪನಿಗೇ ಕೇಳೋಣ," ಎಂದರು ನರ್ಸಮ್ಮ.

ಬೋರ್ಡಣ್ಣ ಮೇಲ್‌ನ ಕೊನೆಯಲ್ಲಿದ್ದ ನಂಬರನ್ನು ಒತ್ತಲು ಹೋದ. ನರ್ಸಮ್ಮ ಅವನ ಕೈ ತಡೆದರು.

"ಅದಲ್ಲ ಅಣ್ಣಾ. ಮೇಲ್ ಸುಳ್ಳಾಗಿದ್ರೆ ಅದರಲ್ಲಿರೋ ನಂಬರೂ ಅವರದ್ದೇ. ಕಳ್ಳನ ಮನೆಗೇ ಫೋನ್ ಮಾಡಿ ನೀನು ಕಳ್ಳನಾ ಅಂತ ಕೇಳಿದ ಹಾಗಾಗುತ್ತೆ. ಮೇಲ್ ಬರೋಕೆ ಮುಂಚಿನಿಂದ ನಿಮ್ಮ ಹತ್ರ ಇರೋ ನಂಬರ್ ಬೇಕು. ಮಿಷನ್ ಹಿಂದೆ ಕಂಪನಿಯವರೇ ಅಂಟಿಸಿರ್ತಾರೆ ನೋಡಿ."

ಅಂದವಾಗಿ ಬರೆದ 'ಜೋಪಾನ'ದ ಮೇಲೆಯೇ ಚಾಕು ಹಾಕಿ ಅವನು ಪೆಟ್ಟಿಗೆ ಹರಿದ. ಮಿಷನ್ನಿನ ಬೆನ್ನಿಗೆ ಬಿಳಿ ಚೀಟಿ. ಅದರಲ್ಲಿ ಸಹಾಯವಾಣಿಯ ನಂಬರ್, ಕೆಳಗೆ ಮಿಷನ್ನಿನದೇ ಒಂದು ಉದ್ದದ ನಂಬರ್.

ಕರೆ ಮಾಡಿದರು. ಆ ಭಾಷೆಗೆ ಇದನ್ನು ಒತ್ತಿ, ಈ ಭಾಷೆಗೆ ಅದನ್ನು ಒತ್ತಿ ಎಂದು ಒಂದು ದನಿ ಹೇಳಿತು. ಒತ್ತಿದರು. ಸಂಗೀತ ಶುರುವಾಯಿತು. ನಿಮ್ಮ ಕರೆ ನಮಗೆ ಮುಖ್ಯ ಎಂದಿತು, ಮತ್ತೆ ಸಂಗೀತ. ಸಿಲಿಂಡರಿನ ಮುಳ್ಳು ಇನ್ನಷ್ಟು ಕೆಳಗೆ ಬಂದಿತ್ತು. ನರ್ಸಮ್ಮ ಅದನ್ನು ನೋಡುತ್ತಾ, ಅಕ್ಕನ ಬೆನ್ನು ಸವರುತ್ತಾ ಕೂತರು. ಮೋಸಗಾರರು ತಾವಾಗಿಯೇ ಫೋನು ಮಾಡುತ್ತಾರೆ, ಅಸಲಿಯವರು ಕಾಯಿಸುತ್ತಾರೆ. ಬೋರ್ಡಣ್ಣನಿಗೆ ಅಳು ಬರುವಂತಾಯಿತು, ಆದರೂ ಫೋನು ಇಡಲಿಲ್ಲ.

ಕೊನೆಗೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ಮಿಷನ್ ನಂಬರ್ ಕೇಳಿ ಪಡೆದಳು. ಬೋರ್ಡಣ್ಣ ಮೇಲ್‌ನಲ್ಲಿದ್ದದ್ದನ್ನು ಓದಿ ಹೇಳಿದ.

"ಸರ್, ಅದು ನಾವು ಕಳಿಸಿದ ಮೇಲ್ ಅಲ್ಲ. ನಾವು ಕಾರ್ಡ್ ನಂಬರಾಗಲಿ, ಫೋನಿಗೆ ಬರೋ ಗುಟ್ಟಿನ ನಂಬರಾಗಲಿ ಯಾವತ್ತೂ ಕೇಳಲ್ಲ. ನಿಮ್ಮ ಮಿಷನ್ನಿಗೆ ಬೆಂಕಿ ಹತ್ತೋ ದೋಷ ಯಾವುದೂ ಇಲ್ಲ. ಮೊದಲು ಅದನ್ನ ಹಾಕಿ."

ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದ ನರ್ಸಮ್ಮ ಆಗಲೇ ಪ್ಲಗ್ ಚುಚ್ಚಿ, ಪೈಪನ್ನು ಮಿಷನ್ನಿಗೆ ಜೋಡಿಸಿದ್ದರು. ಗುರುಗುಟ್ಟುವ ಸದ್ದು ಮನೆಗೆ ಮರಳಿ ಬಂತು. ಬೋರ್ಡಣ್ಣನಿಗೆ ಹೋದ ಜೀವ ಬಂದಂತಾಯಿತು. ಫೋನು ಇಡಬೇಕು ಎನ್ನುವಷ್ಟರಲ್ಲಿ ಆ ಹೆಣ್ಣುಮಗಳು ತಡೆದಳು.

"ಇರಿ ಸರ್. ನಿಮ್ಮ ಮಿಷನ್ ನಂಬರ್ ನೋಡಿದ್ರೆ ಇಲ್ಲಿ ಬೇರೆ ಒಂದು ವಿಷಯ ಇದೆ. ಈ ಬ್ಯಾಚಿನಲ್ಲಿ ತಯಾರಾದ ಮಿಷನ್‌ಗಳ ಒಳಗಿನ ಫಿಲ್ಟರ್ ಬೇಗ ಕಟ್ಟಿಕೊಳ್ತಿದೆ. ಗಾಳಿ ಬರ್ತಾ ಇರುತ್ತೆ, ಆದ್ರೆ ಅದರಲ್ಲಿ ಆಕ್ಸಿಜನ್ ಕಮ್ಮಿ ಆಗುತ್ತೆ. ನಾವು ಬಂದು ಬದಲಾಯಿಸಿ ಕೊಡ್ತೀವಿ ಅಂತ ಹೋದ ತಿಂಗಳೇ ನಿಮಗೆ ಮೇಲ್ ಕಳಿಸಿದ್ವಿ. ನೀವು ಕರೆ ಮಾಡಲೇ ಇಲ್ಲ. ಪೇಷಂಟಿಗೆ ಉಸಿರು ಸಾಲ್ತಿದೆಯಾ?"

ಬೋರ್ಡಣ್ಣನಿಗೆ ನೆನಪಾಯಿತು. ಅಂಥದೊಂದು ಮೇಲ್ ಬಂದಿತ್ತು. ಅದರಲ್ಲಿ ರೆಕ್ಕೆ ಇರಲಿಲ್ಲ, ಬಣ್ಣ ಇರಲಿಲ್ಲ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ, ಅದೂ ತೀರ ಸಪ್ಪೆ ಅಕ್ಷರ. ಇಷ್ಟು ದೊಡ್ಡ ಕಂಪನಿ ಇಂಥ ಬೋಳು ಪತ್ರ ಬರೆಯುತ್ತದೆಯೇ, ಯಾವನೋ ಕಳ್ಳನ ಕೆಲಸ ಎಂದು ಮೂಗು ಮುರಿದು, ಪೂರ್ತಿ ಓದದೆ ಅಳಿಸಿ ಹಾಕಿದ್ದ. ಆ ಸಂಜೆ ಅಂಗಡಿಯವರ ಮುಂದೆ ಅದನ್ನೇ ಹೇಳಿಕೊಂಡು ನಕ್ಕಿದ್ದ ಕೂಡ.

ಅವನು ಮತ್ತೆ ಹುಡುಕಿದ. ಅಳಿಸಿದವುಗಳ ನಡುವೆ ಅದು ಇನ್ನೂ ಇತ್ತು. ಕಳಿಸಿದವರ ವಿಳಾಸ ಕಂಪನಿಯದೇ. ಚೀಟಿಯಲ್ಲಿದ್ದ ಮಿಷನ್ ನಂಬರನ್ನೇ ಅದರಲ್ಲಿ ಸರಿಯಾಗಿ ಬರೆದಿದ್ದರು. ಕಾರ್ಡಿನ ಮಾತಿಲ್ಲ, ಒತ್ತುವ ಗುಂಡಿಯಿಲ್ಲ, ಹೆದರಿಸುವ ಒಂದು ಶಬ್ದವೂ ಇಲ್ಲ. ನಿಮ್ಮ ಮಿಷನ್ ಹಿಂದಿರುವ ಸಹಾಯವಾಣಿಗೆ ಕರೆ ಮಾಡಿ, ಇಷ್ಟೇ ಕೇಳಿದ್ದರು.

"ಇವತ್ತೇ ಮೆಕ್ಯಾನಿಕ್ಕನ್ನ ಕಳಿಸಿ ತಾಯಿ," ಎಂದು ಬೋರ್ಡಣ್ಣ ಹೇಳಿದ.

ನರ್ಸಮ್ಮ ಅವನನ್ನು ಕೊರಗಲು ಬಿಡಲಿಲ್ಲ. "ಕಾರ್ಡ್ ನಂಬರ್ ಕೊಟ್ಟಿದ್ದೀರಲ್ಲ? ಕಾರ್ಡಿನ ಹಿಂದೆ ಬ್ಯಾಂಕಿನ ನಂಬರ್ ಇದೆ. ಈಗಲೇ ಹೇಳಿ ಕಾರ್ಡ್ ನಿಲ್ಲಿಸಿ. ನಾಚಿಕೆ ಆಮೇಲೆ ಪಟ್ಟರಾಯ್ತು." ಅವನು ಬ್ಯಾಂಕಿಗೆ ಹೇಳಿದ, ಕಾರ್ಡು ನಿಂತಿತು. ಮೋಸದ ಮೇಲ್ ಅನ್ನು ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ ಎಂದೂ ನರ್ಸಮ್ಮ ಹೇಳಿದರು. ಅಕ್ಕನ ಬೆರಳಿನ ಕ್ಲಿಪ್ಪನ್ನು ಅವರು ತೆಗೆಯಲಿಲ್ಲ. ಅಂಕಿ ಇನ್ನು ಸ್ವಲ್ಪ ಇಳಿದರೂ ಆಸ್ಪತ್ರೆಗೆ ಹೊರಡಬೇಕು ಎಂದು, ಗಾಡಿಯವನಿಗೆ ಹೇಳಿಟ್ಟು, ಮೆಕ್ಯಾನಿಕ್ ಬರುವವರೆಗೂ ಮಂಚದ ಪಕ್ಕ ಕೂತರು.

ಮೆಕ್ಯಾನಿಕ್ ಮಧ್ಯಾಹ್ನ ಬಂದ. ಬಾಗಿಲಲ್ಲಿ ಅವನ ಅಂಗಿಯ ಜೇಬಿನ ಮೇಲೆ ನೀಲಿ ರೆಕ್ಕೆ ಹೊಳೆಯುತ್ತಿತ್ತು. ಬೋರ್ಡಣ್ಣ ದಾರಿ ಬಿಡಲು ಹೋದ.

"ನಿಲ್ಲಿಸು," ಎಂದಳು ಅಕ್ಕ ಒಳಗಿನಿಂದ. "ಸಹಾಯವಾಣಿಗೆ ಕೇಳು, ಕಳಿಸಿದ್ದು ಇವನನ್ನೇನಾ ಅಂತ."

ಮೆಕ್ಯಾನಿಕ್ ಹೊರಗೆ ನಿಂತು ಕಾದ. "ಕೇಳಿ ಸರ್, ಪರವಾಗಿಲ್ಲ. ಎಲ್ಲರೂ ಹೀಗೆ ಕೇಳಿದ್ರೆ ನಮಗೇ ಒಳ್ಳೇದು," ಎಂದ. ಮತ್ತೆ ಸಂಗೀತ, ಮತ್ತೆ ಕಾಯುವಿಕೆ. ಹೌದು, ಅವನೇ ಎಂದು ಉತ್ತರ ಬಂದ ಮೇಲೆ ಒಳಗೆ ಬಿಟ್ಟರು.

ಅವನು ಮಿಷನ್ ಬಿಚ್ಚಿ ಫಿಲ್ಟರ್ ಹೊರಗೆ ತೆಗೆದ. ಬೆಳ್ಳಗಿರಬೇಕಾದದ್ದು ಒಲೆಯ ಮಸಿಬಟ್ಟೆಯ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. "ಇನ್ನೊಂದಿಷ್ಟು ದಿನ ಹೀಗೇ ಬಿಟ್ಟಿದ್ರೆ ಅಮ್ಮನಿಗೆ ಕಷ್ಟ ಆಗ್ತಿತ್ತು. ದೀಪ ಬಣ್ಣ ಬದಲಾಯಿಸೋದು ತೀರ ಕೊನೇಲಿ," ಎಂದ. ಹೊಸದು ಹಾಕಿ ಮಿಷನ್ ಹಚ್ಚಿದ. ಸ್ವಲ್ಪ ಹೊತ್ತಿನಲ್ಲಿ ನರ್ಸಮ್ಮನ ಕ್ಲಿಪ್ಪಿನ ಅಂಕಿ ಮೇಲೇರಿತು. ಅಕ್ಕನ ತುಟಿಗೆ ಬಣ್ಣ ಬಂತು. ಎಷ್ಟೋ ದಿನಗಳ ಮೇಲೆ ಅವಳು ಎದೆ ತುಂಬ ಉಸಿರೆಳೆದಳು. ಅದನ್ನು ನೋಡಿದ ಬೋರ್ಡಣ್ಣ ಶೆಡ್ಡಿಗೆ ಹೋಗಿ ಒಬ್ಬನೇ ಅತ್ತ.

ಎಲ್ಲರೂ ಹೋದ ಮೇಲೆ ಅವನು ಮಂಚದ ಹತ್ತಿರ ಬಂದು ನೆಲದ ಮೇಲೆ ಕೂತ.

"ಸಾಲ್ತಿಲ್ಲ ಅಂತ ನೀನು ಹೇಳಿದೆ. ನಿನ್ನ ಮಾತು ಬಿಟ್ಟು ಅವರ ರೆಕ್ಕೆ ನಂಬಿದೆ ಅಕ್ಕ. ಅಸಲಿ ಮೇಲನ್ನ ನಾನೇ ಅಳಿಸಿದೆ. ನಿನಗೇನಾದ್ರೂ ಆಗಿದ್ರೆ..."

"ಆಗಿಲ್ವಲ್ಲ," ಎಂದಳು ಅಕ್ಕ. "ನನಗೂ ಅನುಮಾನ ಬಂದಿತ್ತು. ನಿನಗಿಂತ ನನಗೇನು ಗೊತ್ತು ಅಂತ ಬಾಯಿ ಮುಚ್ಚಿಕೊಂಡೆ. ಇನ್ಮೇಲೆ ನಾನು ಬಾಯಿ ಮುಚ್ಚಲ್ಲ. ನೀನು ಕೇಳದೆ ಏನೂ ಒತ್ತಬೇಡ. ಅಷ್ಟು ಮಾಡೋಣ."

ಬೋರ್ಡಣ್ಣ ತಲೆಯಾಡಿಸಿದ. ಎದ್ದು ಹೋಗಿ ಕಪ್ಪು ಬಣ್ಣದ ಡಬ್ಬಿ ತಂದ. ಮಂಚದ ಎದುರಿನ ಗೋಡೆಯ ಮೇಲೆ, ಮಲಗಿದ್ದಲ್ಲಿಂದಲೇ ಅಕ್ಕನಿಗೆ ಕಾಣುವ ಹಾಗೆ, ಮಿಷನ್ ಹಿಂದಿದ್ದ ಸಹಾಯವಾಣಿಯ ನಂಬರನ್ನು ಬರೆಯತೊಡಗಿದ. ಅದರ ಕೆಳಗೆ ಬ್ಯಾಂಕಿನದು, ಅದರ ಕೆಳಗೆ ನರ್ಸಮ್ಮನದು. ದಾರ ಹಿಡಿದು ಗೆರೆ ಹಾಕಿಕೊಳ್ಳುವಷ್ಟು ತಾಳ್ಮೆ ಅವನಲ್ಲಿ ಅಂದು ಉಳಿದಿರಲಿಲ್ಲ. ಅಂಕಿಗಳು ಮೇಲೆ ಕೆಳಗೆ ಆದವು, ಒಂದು ಕಡೆ ಬಣ್ಣ ಸುರಿದು ಇಳಿಯಿತು.

"ನಿನ್ನ ಕೈಯಲ್ಲಿ ಇಷ್ಟು ಕೆಟ್ಟ ಬರಹ ನಾನು ನೋಡೇ ಇಲ್ಲ," ಎಂದಳು ಅಕ್ಕ.

"ಓದೋಕೆ ಬರುತ್ತಾ?"

ಅವಳು ಮೊದಲಿನಿಂದ ಕೊನೆಯವರೆಗೆ ಪ್ರತಿ ಅಂಕಿಯನ್ನೂ ಓದಿ ಹೇಳಿದಳು. ನಡುವೆ ಎಲ್ಲೂ ಉಸಿರಿಗಾಗಿ ನಿಲ್ಲಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಫೋನಿಗೂ ಒಂದು ದಿನ ಇಂಥ ಮೇಲ್ ಬರುತ್ತದೆ. ಮಿಷನ್ ಕಂಪನಿಯದೋ, ಗ್ಯಾಸಿನವರದೋ, ಕೆಲಸ ಕೊಡುವವರದೋ. ಅದು ಚೆನ್ನಾಗಿದೆ ಎಂದು ನಂಬಬೇಡಿ, ಸಪ್ಪೆಯಾಗಿದೆ ಎಂದು ಎಸೆಯಲೂ ಬೇಡಿ. ಕಳಿಸಿದವರ ಪೂರ್ತಿ ವಿಳಾಸ ಬಿಚ್ಚಿ ನೋಡಿ. ಅವಸರ ಮಾಡಿಸಿದರೆ, ಹೆದರಿಸಿದರೆ, ಕಾರ್ಡು ಅಥವಾ ಗುಟ್ಟಿನ ನಂಬರ್ ಕೇಳಿದರೆ ಅಲ್ಲೇ ಕೈ ನಿಲ್ಲಿಸಿ. ವಿಳಾಸ ಸರಿಯಾಗಿ ಕಂಡರೂ ಅಷ್ಟಕ್ಕೇ ತೃಪ್ತಿಪಡಬೇಡಿ. ಮೇಲ್‌ನಲ್ಲಿರುವ ನಂಬರ್ ಬಿಟ್ಟು, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ಕರೆ ಮಾಡಿ ಕಂಪನಿಯನ್ನೇ ಕೇಳಿ. ಕಾಯಿಸಿದರೆ ಕಾಯಿರಿ. ಮನೆಯಲ್ಲಿ ಯಾರಿಗಾದರೂ ಅನುಮಾನ ಬಂದರೆ ಅವರ ಮಾತಿಗೆ ಕಿವಿಗೊಡಿ. ಕೈತಪ್ಪಿ ವಿವರ ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ಆ ಗಳಿಗೆಯಲ್ಲೇ ಬ್ಯಾಂಕಿಗೆ ಹೇಳಿ.

ಇಷ್ಟನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದು ಹೋಗಿ. ನಿಮ್ಮ ಮನೆಯವರ ಜೀವ ನೆಚ್ಚಿಕೊಂಡಿರುವ ವಸ್ತು ಯಾವುದಿದೆಯೋ ಅದರ ಹಿಂಬದಿ ತಿರುಗಿಸಿ ನೋಡಿ. ಅಲ್ಲಿರುವ ನಂಬರನ್ನು ಎಲ್ಲರಿಗೂ ಕಾಣುವ ಕಡೆ ಇವತ್ತೇ ದೊಡ್ಡದಾಗಿ ಬರೆದಿಡಿ. ಅಕ್ಷರ ಸೊಟ್ಟಗಾದರೂ ಪರವಾಗಿಲ್ಲ.